ಸೈಕಲ್ ಪಟುವಿನ ಶ್ರಮಕ್ಕೂ ಒಂದು ಕೀರ್ದಿ ಬೇಕು

ಬೈಲಹೊಂಗಲದ ಹತ್ತಿ, ರಾಮದುರ್ಗದ ಮಗ್ಗ, ಸವದತ್ತಿಯ ಯಲ್ಲಮ್ಮನ ಜಾತ್ರೆ, ಕಿತ್ತೂರಿನ ಕೋಟೆ, ಸಂಗೊಳ್ಳಿಯ ರಾಯಣ್ಣ. ಮಲಪ್ರಭೆಯ ಈ ಸೀಮೆಯನ್ನು ನಾಡು ಗುರುತಿಸುವುದು ಇವುಗಳಿಂದ. ಈ ಸಾಲಿಗೆ ಸೇರಬೇಕಾದ ಮತ್ತೊಂದು ಸಂಗತಿ ಸೈಕಲ್ ಓಟ. ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾ ವಸತಿ ಶಾಲೆಯಲ್ಲಿ ಸೈಕ್ಲಿಂಗ್ ಪಟುಗಳು ತಯಾರಾಗುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ ಮತ್ತು ಬೆಳಗಾವಿ ಜಿಲ್ಲೆಗಳ ಬಾಲಕ ಬಾಲಕಿಯರು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕರ್ನಾಟಕ ತಂಡದ ಬೆನ್ನೆಲುಬಾಗಿರುವುದು ಕ್ರೀಡಾಸಕ್ತರೆಲ್ಲರಿಗೂ ತಿಳಿದದ್ದೇ.

ಈ ಮಕ್ಕಳಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಗಳಿಂದ ಬಂದವರು. ಪದಕ ಅವರಿಗೆ ಕೇವಲ ಗೌರವದ ವಸ್ತುವಲ್ಲ. ರೈಲ್ವೆಯಲ್ಲಿ, ಸೇನಾಪಡೆಗಳಲ್ಲಿ ಕ್ರೀಡಾ ಕೋಟಾದಡಿ ದೊರೆಯುವ ನೌಕರಿಗೆ ಅದು ದಾರಿ. ಆ ದಾರಿ ತೆರೆದಿರುವುದು ಹದಿನಾರರಿಂದ ಇಪ್ಪತ್ತೆರಡರ ವಯಸ್ಸಿನ ನಡುವಿನ ಕೆಲವೇ ವರ್ಷ. ಅತಿಯಾದ ತರಬೇತಿಯಿಂದ ಒಂದು ಋತು ಕಳೆದುಕೊಂಡ ಹುಡುಗಿಗೆ ಆ ಋತುವನ್ನು ಮರಳಿ ಕೊಡುವವರು ಯಾರೂ ಇಲ್ಲ. ಇಷ್ಟು ಬೆಲೆಬಾಳುವ ನಿರ್ಣಯಗಳು ಬಹುಪಾಲು ಸ್ಟಾಪ್‌ವಾಚ್, ನೆನಪು ಮತ್ತು ತರಬೇತುದಾರರ ಕಣ್ಣಳತೆಯ ಮೇಲೆ ನಿಂತಿವೆ. ಕಣ್ಣಳತೆಗೆ ಅದರದೇ ಆದ ಬೆಲೆ ಉಂಟು, ಆದರೆ ಕೀರ್ದಿ ಬರೆಯದೆ ಕಣ್ಣಳತೆಯಲ್ಲಿಯೇ ಅಂಗಡಿ ನಡೆಸುವ ವರ್ತಕನ ಗತಿ ಏನಾಗುತ್ತದೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾದುದಲ್ಲ.

ಸೈಕ್ಲಿಂಗ್ ತರಬೇತಿಯ ಅಂಕಿ-ಅಂಶಗಳನ್ನು ಸಂಗ್ರಹಿಸುವ ಉಪಕರಣ ಹೊರಗಿನಿಂದ ಬರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಂಕಿಗಳನ್ನು ಓದಿಸುವ ನಕ್ಷೆಗಳು ಈ ನೆಲದಲ್ಲಿ, ಇಲ್ಲಿಯ ತರಬೇತುದಾರರ ಪಕ್ಕದಲ್ಲಿ ಕುಳಿತು ರಚನೆಗೊಳ್ಳಬೇಕು. ಅದನ್ನು ದಾನವೆಂದು ಭಾವಿಸದೆ ಒಂದು ಉದ್ಯೋಗವೆಂದು ಕೈಗೊಳ್ಳುವ ಕಾಲ ಬಂದಿದೆ.

ನಕ್ಷೆಯ ಮೂಲ ವ್ಯಾಪಾರದಲ್ಲಿದೆ

ರೇಖಾನಕ್ಷೆಯೆಂದರೆ ವಿಜ್ಞಾನಿಗಳ ಸೊತ್ತು ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದರ ತವರು ವ್ಯಾಪಾರದ ಲೆಕ್ಕ. ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿ ದುಡಿದಿದ್ದ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಭೂಪಟದಲ್ಲಿ ಇಂಗ್ಲೆಂಡಿನ ಆಮದು ಮತ್ತು ರಫ್ತುಗಳನ್ನು ಎರಡು ಗೆರೆಗಳಾಗಿ ಎಳೆದು, ಅವುಗಳ ನಡುವಣ ಅಂತರವೇ ಲಾಭ-ನಷ್ಟವೆಂದು ಒಂದೇ ನೋಟಕ್ಕೆ ತಿಳಿಯುವಂತೆ ಮಾಡಿದನು. 1924ರಲ್ಲಿ ಅಮೆರಿಕೆಯ ವಾಲ್ಟರ್ ಶೂಹಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆ ಇಂದಿಗೂ ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಅಳತೆ ತುಸು ಏರಿಳಿದರೆ ಅದು ಸಹಜವೋ ಅಥವಾ ಯಂತ್ರ ಕೆಟ್ಟಿದೆಯೋ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸುತ್ತದೆ.

ಇವೆರಡರ ಗುಣವೂ ಒಂದೇ. ಇವು ಅಂಕಿಗಳನ್ನು ಅಲಂಕರಿಸಲು ಹುಟ್ಟಿದವಲ್ಲ, ಒಂದು ನಿರ್ಣಯಕ್ಕೆ ನೆರವಾಗಲು ಹುಟ್ಟಿದವು. ಸೈಕ್ಲಿಂಗ್ ತಂತ್ರಾಂಶದ ನಕ್ಷೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ‘ನಾಳೆ ಈ ಹುಡುಗನಿಗೆ ಕಠಿಣ ತರಬೇತಿಯೋ, ವಿಶ್ರಾಂತಿಯೋ’ ಎಂಬಂತಹ ಪ್ರಶ್ನೆಗೆ ಉತ್ತರ ಕೊಡದ ನಕ್ಷೆ, ಬಣ್ಣ ಎಷ್ಟೇ ಸೊಗಸಾಗಿದ್ದರೂ, ಗೋಡೆಯ ಕ್ಯಾಲೆಂಡರಿಗೆ ಸಮಾನ.

ತಂತ್ರಾಂಶದ ಇಂದಿನ ಸ್ಥಿತಿ

ಸೈಕಲ್ ಸವಾರನು ಪೆಡಲ್ ತುಳಿಯುವ ಶಕ್ತಿಯನ್ನು ವಾಟ್‌ಗಳಲ್ಲಿ ಅಳೆಯುವ ಉಪಕರಣವನ್ನು ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಸಿದ್ಧಪಡಿಸಿದರು. ಪವರ್ ಮೀಟರ್ ಎಂಬ ಈ ಉಪಕರಣದ ಬೆಲೆ ಇಂದು ಬಹಳಷ್ಟು ಇಳಿದಿದ್ದರೂ ಹತ್ತಾರು ಸಾವಿರ ರೂಪಾಯಿಗಳಲ್ಲಿಯೇ ಇದೆ. ವೇಗವೊಂದನ್ನೇ ಅಳೆದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಮುಂಗಾರಿನ ದಿನಗಳಲ್ಲಿ ಸವದತ್ತಿಯಿಂದ ಬೈಲಹೊಂಗಲದ ಕಡೆಗೆ, ಅಂದರೆ ಪಶ್ಚಿಮದ ಗಾಳಿಗೆ ಎದುರಾಗಿ, ಸೈಕಲ್ ತುಳಿದವರಿಗೆ ಉತ್ತರ ಗೊತ್ತು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ನಿಶ್ಚಲ ಗಾಳಿಯಲ್ಲಿ ವೇಗ ಎರಡು ಪಟ್ಟಾದರೆ ಅದಕ್ಕೆ ತಗಲುವ ಶಕ್ತಿ ಎಂಟು ಪಟ್ಟು. ಆದುದರಿಂದ ಹೋಗುವಾಗಿನ ವೇಗ, ಬರುವಾಗಿನ ವೇಗ ಇವೆರಡನ್ನೂ ನೋಡಿ ಪಟುವಿನ ಶ್ರಮವನ್ನು ಅಳೆಯಲಾಗದು.

ಹೀಗೆ ದೊರೆತ ಅಂಕಿಗಳನ್ನು ವಿಶ್ಲೇಷಿಸಲು ಅನೇಕ ತಂತ್ರಾಂಶಗಳಿವೆ. ಅವುಗಳಲ್ಲಿ ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದುದು ‘ಗೋಲ್ಡನ್ ಚೀತಾ’. 2006ರಲ್ಲಿ ಅಮೆರಿಕೆಯ ಶಾನ್ ರಿಯಾ ಆರಂಭಿಸಿದ ಈ ತಂತ್ರಾಂಶ ಉಚಿತವಾಗಿದೆ, ಅದರ ಮೂಲ ಸಂಕೇತ ಬಹಿರಂಗವಾಗಿದೆ. ಹಲವು ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದ್ದಾರೆ. ಅದರ ಈಚಿನ ಆವೃತ್ತಿಗಳಲ್ಲಿ ಬಳಕೆದಾರನೇ ಸೂತ್ರ ಬರೆದು ಹೊಸ ನಕ್ಷೆ ರಚಿಸಿಕೊಳ್ಳಬಹುದು, ಪೈಥಾನ್ ಮತ್ತು ಆರ್ ಎಂಬ ಗಣಕ ಭಾಷೆಗಳಲ್ಲಿಯೂ ನಕ್ಷೆಗಳನ್ನು ಬರೆಯಬಹುದು. ಇದರ ಅರ್ಥ ಸ್ಪಷ್ಟ. ಹೊಸ ನಕ್ಷೆ ಸಿದ್ಧಪಡಿಸಲು ತಂತ್ರಾಂಶವನ್ನು ತಳದಿಂದ ಕಟ್ಟಬೇಕಾಗಿಲ್ಲ. ಕಟ್ಟಡ ಸಿದ್ಧವಿದೆ, ಬೇಕಾಗಿರುವುದು ಇಲ್ಲಿಯವರಿಗೆ ಒಪ್ಪುವ ಕಿಟಕಿ ಬಾಗಿಲು.

ಸುಳ್ಳು ಹೇಳದ ನಕ್ಷೆ

ನಕ್ಷೆ ರಚನೆ ಮೇಲುನೋಟಕ್ಕೆ ಸುಲಭ. ಅದರ ಕಷ್ಟ ಒಳಗಿನ ಲೆಕ್ಕದಲ್ಲಿದೆ. ಮೊದಲನೆಯದು ಸೊನ್ನೆಯ ಸಮಸ್ಯೆ. ಪಟುವೊಬ್ಬನು ಒಂದು ಗಂಟೆಯ ಸವಾರಿಯಲ್ಲಿ 40 ನಿಮಿಷ ಕಾಲ ನಿಮಿಷಕ್ಕೆ 90 ಸುತ್ತಿನಂತೆ ಪೆಡಲ್ ತುಳಿದು, ಉಳಿದ 20 ನಿಮಿಷ ಇಳಿಜಾರಿನಲ್ಲಿ ತುಳಿಯದೆ ಸಾಗಿದನೆಂದು ಭಾವಿಸೋಣ. ಸೊನ್ನೆಗಳನ್ನು ಸೇರಿಸಿದರೆ ಸರಾಸರಿ 60, ಬಿಟ್ಟರೆ 90. ಎರಡೂ ಸರಿಯೇ, ಆದರೆ ಎರಡರ ಅರ್ಥ ಬೇರೆ. ಇದರ ಜೊತೆಗೆ ಸಂವೇದಕದ ಸಂಪರ್ಕ ಕಡಿದು ಅಂಕಿಯೇ ಬಾರದ ಕ್ಷಣಗಳಿರುತ್ತವೆ. ಅದು ಸೊನ್ನೆಯಲ್ಲ, ಖಾಲಿ. ಕೀರ್ದಿಯಲ್ಲಿ ‘ಅಂದು ವ್ಯಾಪಾರವಾಗಲಿಲ್ಲ’ ಎಂಬುದಕ್ಕೂ ‘ಅಂದಿನ ಹಾಳೆ ಹರಿದಿದೆ’ ಎಂಬುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. ಖಾಲಿ ಜಾಗವನ್ನು ನಕ್ಷೆಯು ಖಾಲಿಯಾಗಿಯೇ ತೋರಿಸಬೇಕು.

ಎರಡನೆಯದು ಅಂಕಿಗಳ ದಟ್ಟಣೆ. ಸೆಕೆಂಡಿಗೆ ಒಂದರಂತೆ ಮೂರು ಗಂಟೆಯ ಸವಾರಿಯಲ್ಲಿ 10,800 ಅಂಕಿಗಳು ದಾಖಲಾಗುತ್ತವೆ. ಮೊಬೈಲ್ ಪರದೆಯ ಅಗಲ 1,080 ಚುಕ್ಕೆಗಳಾದರೆ ಪ್ರತಿ ಚುಕ್ಕೆಯ ಕಂಬಕ್ಕೆ ಹತ್ತು ಅಂಕಿಗಳ ಪಾಲು. ಹತ್ತರಲ್ಲಿ ಒಂದನ್ನು ಆರಿಸಿ ಗೆರೆ ಎಳೆದರೆ, ಅಂತಿಮ ಧಾವನೆಯ ಒಂದೆರಡು ಸೆಕೆಂಡಿನ ಶಿಖರವೇ ಮಾಯವಾಗಬಹುದು. ಹತ್ತರ ಸರಾಸರಿ ತೆಗೆದರೆ ಶಿಖರ ದಿಬ್ಬವಾಗುತ್ತದೆ. ಪ್ರತಿ ಕಂಬದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಉಳಿಸಿ ಎಳೆಯುವುದೇ ಸರಿಯಾದ ಕ್ರಮ. ಮೂರನೆಯದು ಅಳತೆಗೋಲು. ಎರಡು ದಿನಗಳ ಸವಾರಿಯನ್ನು ಹೋಲಿಸುವಾಗ ಒಂದರ ಅಳತೆಗೋಲು 300 ವಾಟಿಗೆ, ಇನ್ನೊಂದರದು 600 ವಾಟಿಗೆ ಮುಗಿದರೆ ನೋಡುವ ಕಣ್ಣು ಮೋಸಹೋಗುತ್ತದೆ. ತೂಕದ ಕಲ್ಲು ದಿನಕ್ಕೊಂದು ಬದಲಾಗಬಾರದೆಂಬ ಮಾರುಕಟ್ಟೆಯ ನಿಯಮವೇ ಇಲ್ಲಿಯ ನಿಯಮವೂ ಹೌದು.

ಶಕ್ತಿಯ ಗಲ್ಲಾಪೆಟ್ಟಿಗೆ

ಈ ಶಾಸ್ತ್ರದ ಬಹು ಉಪಯುಕ್ತ ನಕ್ಷೆ ಶಕ್ತಿ ಮತ್ತು ಅವಧಿಯದು. ಪಟುವೊಬ್ಬ ಐದು ಸೆಕೆಂಡ್, ಒಂದು ನಿಮಿಷ, ಇಪ್ಪತ್ತು ನಿಮಿಷ, ಹೀಗೆ ಪ್ರತಿಯೊಂದು ಅವಧಿಗೆ ಗರಿಷ್ಠ ಎಷ್ಟು ಸರಾಸರಿ ಶಕ್ತಿ ತೋರಿದ್ದಾನೆಂಬುದನ್ನು ಅದು ಒಂದು ಇಳಿಗೆರೆಯಲ್ಲಿ ತೋರಿಸುತ್ತದೆ. ಫ್ರಾನ್ಸಿನ ಮೊನೊ ಮತ್ತು ಶೆರೆರ್ 1965ರಲ್ಲಿ ಪ್ರಕಟಿಸಿದ ‘ನಿರ್ಣಾಯಕ ಶಕ್ತಿ’ಯ ಸಿದ್ಧಾಂತ ಈ ಗೆರೆಯನ್ನು ಎರಡೇ ಅಂಕಿಗಳಿಗೆ ಇಳಿಸುತ್ತದೆ.

ಉದಾಹರಣೆಗೆ ಒಬ್ಬ ಪಟು 3 ನಿಮಿಷ ಕಾಲ 330 ವಾಟ್, ಮತ್ತೊಂದು ದಿನ 12 ನಿಮಿಷ ಕಾಲ 270 ವಾಟ್ ಕಾಯ್ದುಕೊಂಡನೆಂದು ಇಟ್ಟುಕೊಳ್ಳೋಣ. ಮೊದಲ ದಿನ ಅವನು ಮಾಡಿದ ಕೆಲಸ 59,400 ಜೌಲ್, ಎರಡನೆಯ ದಿನ 1,94,400 ಜೌಲ್. ವ್ಯತ್ಯಾಸವಾದ 1,35,000 ಜೌಲನ್ನು 540 ಸೆಕೆಂಡುಗಳಿಂದ ಭಾಗಿಸಿದರೆ 250 ವಾಟ್. ಇದು ಅವನ ನಿರ್ಣಾಯಕ ಶಕ್ತಿ. ಉಳಿದ 14,400 ಜೌಲ್ ಅವನ ಕೈಗಂಟು. ವರ್ತಕರ ಭಾಷೆಯಲ್ಲಿ ಹೇಳುವುದಾದರೆ 250 ವಾಟ್ ನಿತ್ಯದ ಆದಾಯ, 14,400 ಜೌಲ್ ಗಲ್ಲಾಪೆಟ್ಟಿಗೆಯಲ್ಲಿರುವ ಹಣ. ಆದಾಯ ಮೀರಿ 310 ವಾಟ್ ಖರ್ಚು ಮಾಡಿದರೆ ಸೆಕೆಂಡಿಗೆ 60 ಜೌಲ್ ಪೆಟ್ಟಿಗೆಯಿಂದ ಹೋಗುತ್ತದೆ. 240 ಸೆಕೆಂಡ್, ಅಂದರೆ ನಾಲ್ಕೇ ನಿಮಿಷಕ್ಕೆ ಪೆಟ್ಟಿಗೆ ಬರಿದು. ವೇಗ ಇಳಿಸಿದರೆ ಮಾತ್ರ ಅದು ಮತ್ತೆ ತುಂಬುತ್ತದೆ. ಸ್ಪರ್ಧೆಯ ಯಾವ ತಿರುವಿನಲ್ಲಿ ಪಟು ಪೆಟ್ಟಿಗೆ ಬರಿದುಮಾಡಿಕೊಂಡನೆಂಬುದನ್ನು ಒಂದು ಗೆರೆ ತೋರಿಸಿಕೊಟ್ಟರೆ, ಒಂದು ಗಂಟೆಯ ಉಪದೇಶ ಮಾಡಲಾರದ ಕೆಲಸವನ್ನು ಅದು ಮಾಡುತ್ತದೆ. ಈ ಸೂತ್ರವು ಕೆಲವು ನಿಮಿಷಗಳಿಂದ ಸುಮಾರು ಅರ್ಧ ಗಂಟೆಯವರೆಗಿನ ಶ್ರಮಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ ಎಂಬ ಮಿತಿಯನ್ನು ನಕ್ಷೆಯ ಮೇಲೆಯೇ ಬರೆದಿಡುವುದು ಪ್ರಾಮಾಣಿಕತೆಯ ಲಕ್ಷಣ.

ಮೀಟರ್ ಇಲ್ಲದವರಿಗೂ ದಾರಿಯುಂಟು

ಪ್ರತಿ ಸೈಕಲ್ಲಿಗೂ ಪವರ್ ಮೀಟರ್ ಅಳವಡಿಸುವುದು ಗ್ರಾಮೀಣ ಕ್ರೀಡಾ ಶಾಲೆಗಳಿಗೆ ಸುಲಭಸಾಧ್ಯವಲ್ಲ. ವಿದೇಶಿ ತಂತ್ರಾಂಶಗಳ ಪ್ರಮುಖ ನಕ್ಷೆಗಳೆಲ್ಲ ಪ್ರತಿಯೊಬ್ಬ ಪಟುವಿನ ಬಳಿ ಮೀಟರ್ ಇದೆಯೆಂಬ ಊಹೆಯ ಮೇಲೆ ನಿಂತಿವೆ. ಇಲ್ಲಿಯೇ ಸ್ಥಳೀಯ ರಚನೆಯ ಅಗತ್ಯ ಎದ್ದುಕಾಣುತ್ತದೆ.

ಅಮೆರಿಕೆಯ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಒಂದು ಸರಳ ವಿಧಾನಕ್ಕೆ ನೋಟ್‌ಬುಕ್ ಸಾಕು. ತರಬೇತಿ ಮುಗಿದ ನಂತರ ‘ಎಷ್ಟು ಕಷ್ಟವಾಯಿತು’ ಎಂಬ ಪ್ರಶ್ನೆಗೆ ಪಟು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳುತ್ತಾನೆ. ಅದನ್ನು ನಿಮಿಷಗಳಿಂದ ಗುಣಿಸಿದರೆ ಅಂದಿನ ಹೊರೆ ಸಿಗುತ್ತದೆ. 90 ನಿಮಿಷಕ್ಕೆ 6 ಅಂಕವಾದರೆ 540, 45 ನಿಮಿಷಕ್ಕೆ 8 ಅಂಕವಾದರೆ 360. ಈ ಹೊರೆಯ ಏಳು ದಿನಗಳ ಸರಾಸರಿಯನ್ನೂ ಆರು ವಾರಗಳ ಸರಾಸರಿಯನ್ನೂ ಒಂದೇ ಹಾಳೆಯ ಮೇಲೆ ಎರಡು ಗೆರೆಗಳಾಗಿ ಎಳೆದರೆ ಪ್ಲೇಫೇರನ ಆಮದು-ರಫ್ತು ನಕ್ಷೆಯೇ ಮರುಹುಟ್ಟು ಪಡೆಯುತ್ತದೆ. ವಾರದ ಗೆರೆ ಆರು ವಾರದ ಗೆರೆಗಿಂತ ಬಹಳ ಮೇಲೇರಿದರೆ ಹುಡುಗ ತನ್ನ ಗಳಿಕೆಗಿಂತ ಹೆಚ್ಚು ಸಾಲ ಮಾಡುತ್ತಿದ್ದಾನೆಂದು ತಿಳಿಯಬೇಕು. ಗಾಯವಾಗುವ ದಿನವನ್ನು ಈ ನಕ್ಷೆ ಮುಂಗಾಣಲಾರದು, ಆದರೆ ತರಬೇತುದಾರರು ಪಟುವನ್ನು ಕರೆದು ವಿಚಾರಿಸಬೇಕಾದ ದಿನವನ್ನು ಖಂಡಿತ ಸೂಚಿಸಬಲ್ಲದು. ಸಂಗೊಳ್ಳಿಯ ಸೈನಿಕ ಶಾಲೆಯಂತಹ, ಮಕ್ಕಳ ದೇಹದಾರ್ಢ್ಯಕ್ಕೆ ನಿತ್ಯವೂ ಗಮನಕೊಡಬೇಕಾದ ಸಂಸ್ಥೆಗಳಿಗೂ ಇದೇ ನಕ್ಷೆ ಉಪಯೋಗಕ್ಕೆ ಬರುತ್ತದೆ.

ಇನ್ನು ಭಾಷೆಯ ಮಾತು. ಹದಿನಾಲ್ಕರ ಬಾಲಕಿ ತನ್ನ ನಕ್ಷೆಯನ್ನು ತಾನೇ ಓದುವಂತಾಗಬೇಕಾದರೆ ಅದು ಕನ್ನಡದಲ್ಲಿರಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆಂದು ಅಳೆದ ಜಾಗದಲ್ಲಿ ಅವು ಕತ್ತರಿಸಿಹೋಗುತ್ತವೆ. ಲಂಬ ಅಕ್ಷದ ಪಕ್ಕದಲ್ಲಿ ಅಡ್ಡ ತಿರುಗಿಸಿ ಬರೆದರೆ ಓದುವುದೇ ಕಷ್ಟ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇವೆಲ್ಲ ಸಣ್ಣ ಕೆಲಸಗಳು, ಆದರೆ ಕನ್ನಡ ಬಲ್ಲವನೇ ಮಾಡಬೇಕಾದ ಕೆಲಸಗಳು.

ಎರಡು ಆಕ್ಷೇಪಣೆಗಳು

ಮೊಬೈಲಿನಲ್ಲಿ ಉಚಿತ ಸೌಲಭ್ಯಗಳಿರುವಾಗ ಈ ಶ್ರಮವೇಕೆ ಎಂಬುದು ಮೊದಲ ಆಕ್ಷೇಪಣೆ. 2009ರಲ್ಲಿ ಆರಂಭವಾದ ‘ಸ್ಟ್ರಾವಾ’ ಸೈಕಲ್ ಸವಾರರಲ್ಲಿ ಜನಪ್ರಿಯವಾಗಿದೆ. ಆದರೆ ಆ ಕಂಪನಿ 2020ರ ಮೇ ತಿಂಗಳಲ್ಲಿ ತನ್ನ ಕೆಲವು ಉಚಿತ ಸೌಲಭ್ಯಗಳನ್ನು ಚಂದಾದಾರರಿಗೆ ಸೀಮಿತಗೊಳಿಸಿತು. 2024ರ ನವೆಂಬರ್‌ನಲ್ಲಿ, ತನ್ನಿಂದ ಪಡೆದ ಒಬ್ಬ ಬಳಕೆದಾರನ ಅಂಕಿಗಳನ್ನು ಇತರ ತಂತ್ರಾಂಶಗಳು ಆ ಬಳಕೆದಾರನಿಗೆ ಮಾತ್ರ ತೋರಿಸಬೇಕೆಂಬ ನಿಬಂಧನೆ ವಿಧಿಸಿತು. ಇಪ್ಪತ್ತು ಮಕ್ಕಳನ್ನು ಒಂದೇ ಹಾಳೆಯಲ್ಲಿ ನೋಡಬೇಕಾದ ತರಬೇತುದಾರರಿಗೆ ಇದರಿಂದ ತೊಡಕು. ನಿಯಮ ಬದಲಿಸುವುದು ಕಂಪನಿಯ ಹಕ್ಕು. ಬೇರೆಯವರ ಗೋದಾಮಿನಲ್ಲಿ ಮಾಲು ಇಟ್ಟವನು ಗೋದಾಮಿನ ಬೀಗದ ಕೈ ತನ್ನಲ್ಲಿಲ್ಲವೆಂಬುದನ್ನು ಮರೆಯಬಾರದು.

ತಂತ್ರಾಂಶ ಬೆಂಗಳೂರಿನವರ ಕೆಲಸ, ಈ ಸಣ್ಣ ಮಾರುಕಟ್ಟೆಯಿಂದ ಯಾವ ಉದ್ಯಮವೂ ಬದುಕದು ಎಂಬುದು ಎರಡನೆಯದು. ಇದಕ್ಕೆ ಟ್ಯಾಲಿಯ ಇತಿಹಾಸವೇ ಉತ್ತರ. ಗಿರಣಿಗಳಿಗೆ ಕಚ್ಚಾ ಮಾಲು ಮತ್ತು ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗದೆ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಆರಂಭವಾದ ಆ ಉದ್ಯಮದ ತಂತ್ರಾಂಶ ಇಂದು ಅಡತಿ ಅಂಗಡಿಗಳನ್ನೂ ತಲುಪಿದೆ. ಅದು ಬೆಳೆದದ್ದು ಒಬ್ಬ ವರ್ತಕನ ನಿಜವಾದ ಅಡಚಣೆಯಿಂದ.

ಸೈಕ್ಲಿಂಗ್ ಒಂದರಿಂದಲೇ ಸಂಸ್ಥೆ ನಡೆಯದೆಂಬುದು ನಿಜ. ಆದರೆ ಸೆಕೆಂಡಿಗೊಂದರಂತೆ ಬರುವ ಅಂಕಿಗಳನ್ನು ಶುದ್ಧಗೊಳಿಸಿ, ಶಿಖರ ಕಳೆಯದಂತೆ ಗೆರೆ ಎಳೆದು, ನಿರ್ಣಯಕ್ಕೆ ಒದಗಿಸುವ ಕೌಶಲ ಸೈಕಲ್ಲಿಗೆ ಮಾತ್ರ ಸೀಮಿತವಲ್ಲ. ಬೆಳಗಾವಿಯ ಫೌಂಡ್ರಿಗಳಲ್ಲಿ ಕುಲುಮೆಯ ಉಷ್ಣತೆ, ಹೈಡ್ರಾಲಿಕ್ ಯಂತ್ರಗಳ ಪರೀಕ್ಷೆಯಲ್ಲಿ ಒತ್ತಡ, ಜಿನ್ನಿಂಗ್ ಕಾರ್ಖಾನೆಯ ವಿದ್ಯುತ್ ಬಳಕೆ, ಎಲ್ಲೆಡೆಯೂ ಬೇಕಾಗಿರುವುದು ಇದೇ ವಿದ್ಯೆ. ಸೈಕಲ್ ಪಟುವಿನ ನಕ್ಷೆಯನ್ನು ಸರಿಯಾಗಿ ರಚಿಸಲು ಕಲಿತ ಯುವಕ ಕುಲುಮೆಯ ನಕ್ಷೆಯನ್ನೂ ರಚಿಸಬಲ್ಲ.

ಕಾರ್ಯರೂಪ

ಈ ದಿಶೆಯಲ್ಲಿ ವಾಣಿಜ್ಯ ಸಂಸ್ಥೆಗಳು ದೊಡ್ಡ ಯೋಜನೆ ಹಾಕಬೇಕಾಗಿಲ್ಲ. ಒಂದು ಕ್ರೀಡಾ ಶಾಲೆ, ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಒಂದು ಎಂಜಿನಿಯರಿಂಗ್ ಕಾಲೇಜು, ಒಂದು ಸಣ್ಣ ತಂತ್ರಾಂಶ ಉದ್ಯಮ, ಈ ಮೂವರನ್ನು ಕೂಡಿಸಿ ಆರು ತಿಂಗಳಿಗೆ ಮೂರೇ ನಕ್ಷೆಗಳ ಕೆಲಸ ಒಪ್ಪಿಸಿದರೆ ಸಾಕು: ದಿನದ ಹೊರೆ, ಶಕ್ತಿ ಮತ್ತು ಅವಧಿ, ತಂಡದ ಒಟ್ಟು ಹಾಳೆ. ಪ್ರತಿ ನಕ್ಷೆಗೂ ‘ಇದರಿಂದ ಯಾವ ನಿರ್ಣಯ’ ಎಂಬುದನ್ನು ತರಬೇತುದಾರರು ಮೊದಲೇ ಬರೆದುಕೊಡಬೇಕು. ಅವರು ಒಂದು ತಿಂಗಳು ಬಳಸಿ ಒಪ್ಪಿದ ಮೇಲೆ ಮಾತ್ರ ಹಣ ಸಂದಾಯವಾಗಬೇಕು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ಹಾಗೂ ರಾಷ್ಟ್ರೀಯ ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿ ಸೇರಿರುವುದರಿಂದ, ಸಾಮಾಜಿಕ ಹೊಣೆಗಾರಿಕೆಯ ನಿಯಮಕ್ಕೆ ಒಳಪಡುವ ದೊಡ್ಡ ಕಂಪನಿಗಳ ನೆರವನ್ನೂ ಕೋರಬಹುದು.

ಮೂರು ಎಚ್ಚರಿಕೆಗಳು ಅವಶ್ಯ. ಗೋಲ್ಡನ್ ಚೀತಾ ಜಿಪಿಎಲ್ ಪರವಾನಿಗೆಯಡಿ ದೊರೆಯುವುದರಿಂದ, ಅದನ್ನು ಮಾರ್ಪಡಿಸಿ ಬೇರೆಯವರಿಗೆ ವಿತರಿಸುವವರು ಮಾರ್ಪಾಡಿನ ಮೂಲ ಸಂಕೇತವನ್ನೂ ಅವರಿಗೆ ದೊರಕಿಸಬೇಕು. ಗಳಿಕೆ ಸೇವೆಯಿಂದ ಬರಬೇಕು, ಗುಟ್ಟಿನಿಂದಲ್ಲ. ಈ ಕ್ಷೇತ್ರದ ಕೆಲವು ಜನಪ್ರಿಯ ಅಳತೆಗಳ ಹೆಸರುಗಳು ಅಮೆರಿಕದ ಕಂಪನಿಯೊಂದರ ವ್ಯಾಪಾರ ಚಿಹ್ನೆಗಳಾಗಿರುವುದರಿಂದ ಹೆಸರಿಡುವಾಗ ಜಾಗ್ರತೆ ಬೇಕು, ಇದಕ್ಕೆ ಕನ್ನಡದ ಸ್ವಂತ ಹೆಸರುಗಳೇ ಕ್ಷೇಮ. ಕೊನೆಯದಾಗಿ, 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಮಕ್ಕಳ ಹೃದಯಬಡಿತ ಮಾರಾಟದ ಸರಕಾಗದಂತೆ ನೋಡಿಕೊಳ್ಳುವುದು ಕಾನೂನಿನ ಮಾತಷ್ಟೇ ಅಲ್ಲ, ವ್ಯಾಪಾರ ಧರ್ಮವೂ ಹೌದು.

ಈ ಸೀಮೆಯ ವರ್ತಕರು ಮಕ್ಕಳಿಗೆ ಸೈಕಲ್ ಕೊಡಿಸಿದ್ದಾರೆ, ಗೆದ್ದವರಿಗೆ ಹಾರ ಹಾಕಿ ಸನ್ಮಾನಿಸಿದ್ದಾರೆ. ಅದು ಶ್ಲಾಘನೀಯ. ಆದರೆ ಗೆಲ್ಲುವ ಮುನ್ನಿನ ಆರು ವರ್ಷಗಳಲ್ಲಿ ಆ ಮಕ್ಕಳು ಸುರಿಸುವ ಬೆವರಿನ ಲೆಕ್ಕ ಎಲ್ಲಿಯೂ ದಾಖಲಾಗುತ್ತಿಲ್ಲ. ಲೆಕ್ಕ ಬರೆಯುವುದನ್ನು ತಲೆಮಾರುಗಳಿಂದ ಬಲ್ಲವರು ವರ್ತಕರು. ಆ ವಿದ್ಯೆಯನ್ನು ಕ್ರೀಡಾಂಗಣಕ್ಕೆ ಒಯ್ಯುವ ಮೊದಲ ಹೆಜ್ಜೆ ಅವರಿಂದಲೇ ಆಗಬೇಕು.